ಎಡಗಡೆಯ ಸೀಟು

ಜೂನ್ 9, ಸೋಮವಾರ

ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಇವತ್ತು ಬೆಳಗ್ಗೆ ನಮ್ಮ ಯಜಮಾನರು ತ್ರಿವಿಕ್ರಮ ರಾಯರು ಪೇಪರಿನಿಂದ ಮುಖ ಎತ್ತದೆಯೇ, "ಕೌಸಲ್ಯಾ, ಉಳಿದದ್ದನ್ನ ಬರೆದಿಡೇ. ನನ್ನ ಕಿವಿ ತುಂಬಿತು" ಅಂದರು. ರಿಟೈರಾದ ಗಂಡಸಿಗೆ ಕಿವಿ ಬೇಗ ತುಂಬುತ್ತೆ. ಬರೀತಿದ್ದೀನಿ.

ವಿಷಯ ಇಷ್ಟೆ. ಬರುವ ತಿಂಗಳು ಹತ್ತಕ್ಕೆ ನನ್ನ ಡ್ರೈವಿಂಗ್ ಲೈಸೆನ್ಸು, ಡಿಎಲ್, ಮುಗಿಯುತ್ತೆ. ಅದಕ್ಕೂ ಮುಂಚೆ ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಮಾಡಿಸಬೇಕು. ಒಂದೇ ಮನೆಯಲ್ಲಿ ಎರಡು ಮದುವೆ ಒಂದೇ ಮುಹೂರ್ತಕ್ಕೆ ಬಿದ್ದ ಹಾಗೆ. ಕಾರು ರಸ್ತೆಗೆ ಯೋಗ್ಯ ಅಂತ ಬ್ರೇಕ್ ಇನ್‌ಸ್ಪೆಕ್ಟರು ಬರೆದುಕೊಡಬೇಕು, ನಾನು ಯೋಗ್ಯಳು ಅಂತ ಡಾಕ್ಟರು ಬರೆದುಕೊಡಬೇಕು. ಕಾರಿಗೆ ಹನ್ನೊಂದು ವರ್ಷ, ನನಗೆ ಐವತ್ತೊಂಬತ್ತು. ಇಬ್ಬರಲ್ಲಿ ನನಗೆ ಚಿಂತೆ ಇರೋದು ಕಾರಿನದು.

ಡಿಎಲ್ ಇಲ್ಲ ಅಂದರೆ ಎಡಗಡೆಯ ಸೀಟಿನಲ್ಲಿ ಕೂರುವ ಹಾಗಿಲ್ಲ. ಕಲಿಯುವವರು ಬಲಗಡೆ ಸ್ಟೇರಿಂಗ್ ಹಿಡಿದರೆ, ಎಡಗಡೆ ಕೂತ ನನ್ನ ಕಾಲ ಕೆಳಗೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಆ ಬ್ರೇಕಿನ ಮೇಲೆ ಕೌಸಲ್ಯಾ ಮೇಡಂ ಕಾಲಿದೆ ಅನ್ನುವ ಧೈರ್ಯಕ್ಕೇ ಹೆಂಗಸರು ಬರೋದು. ಗಂಡ ಕಲಿಸ್ತೀನಿ ಅಂತ ಕೂರಿಸಿಕೊಂಡು ಮೊದಲನೇ ತಿರುವಿನಲ್ಲೇ ಬೈದು ಇಳಿಸಿದವರು, ಮಗ "ನಿನ್ ಕೈಲಾಗಲ್ಲ ಬಿಡಮ್ಮ" ಅಂದವರು, ಎಲ್ಲ ಅತ್ತುಕೊಂಡು ನನ್ನ ಹತ್ತಿರ ಬಂದು, ನಗ್ತಾ ಏರ್‌ಪೋರ್ಟ್ ರೋಡಿನಲ್ಲಿ ಟಾಪ್ ಗೇರ್ ಹಾಕಿ ಹೋಗಿದ್ದಾರೆ. ಕೆಂಪಾಪುರದಲ್ಲಿ ನಮ್ಮ ಬೋರ್ಡು ಹಾಕಿದಾಗ ಲೇಡೀಸ್ ಡ್ರೈವಿಂಗ್ ಸ್ಕೂಲ್ ಅಂತ ಓದಿ ನಿಂತು ನಕ್ಕವರಿದ್ದರು. ಆಮೇಲೆ ಅವರ ಹೆಂಡತಿಯರೇ ಅಡ್ವಾನ್ಸು ತಂದರು.

ಆ ಸೀಟು ಹೋದರೆ ನಾನು ಯಾರು? ಸಾರು ಕುದಿಸುವ ಹೆಂಗಸು. ಅದನ್ನೂ ಚೆನ್ನಾಗಿ ಕುದಿಸಲ್ಲ.

ಕಾರಿನ ಎಡಗಡೆ ಬಾಗಿಲಿಗೆ ಹೊಸ ಗೀರು ಬಿದ್ದಿದೆ. ನಮ್ಮ ಗೇಟಿನ ಕಂಬದ ಬಣ್ಣವೇ ಮೆತ್ತಿಕೊಂಡಿದೆ. ನಿನ್ನೆ ಕಾರು ಒಳಗೆ ಬಿಟ್ಟವಳು ನಾನು. ಹಾಗಾಗಿ ಅದಕ್ಕೂ ಮುಂಚೆ ಗಿರಿ ಗೀಚಿರಬೇಕು. ಸೋಲದೇವನಹಳ್ಳಿಯಿಂದ ಬರುವ ಹುಡುಗ, ನನ್ನ ಹತ್ತಿರವೇ ಕಲಿತು ನನ್ನ ಹತ್ತಿರವೇ ಕೆಲಸಕ್ಕೆ ನಿಂತವನು. ಹುಡುಗ ಅಂದರೂ ಈಗ ಎರಡು ಮಕ್ಕಳ ತಂದೆ. ಕೇಳಿದರೆ, "ನಾನೇ ಇರ್ಬೋದು ಬುಡಿ ಅಕ್ಕ" ಅಂದ. ಇಷ್ಟು ಸುಲಭಕ್ಕೆ ತಪ್ಪು ಒಪ್ಪಿಕೊಳ್ಳುವವನ ಮನಸ್ಸಿನಲ್ಲಿ ಬೇರೆ ಏನೋ ಇರುತ್ತೆ.

ಜೂನ್ 12, ಗುರುವಾರ

ಅಕ್ಬರಿ ಅವರ ಕ್ಲಾಸು. ಆರ್.ಟಿ. ನಗರದ ಹಾರ್ಡ್‌ವೇರ್ ಅಂಗಡಿ ಮುದಸ್ಸಿರ್ ಸಾಹೇಬರ ಮನೆಯವರು. ಸಾಹೇಬರ ಬಲಗಾಲಿಗೆ ರಾಡು ಹಾಕಿದ್ದಾರೆ, ಇನ್ನು ಅವರು ಕಾರು ಓಡಿಸೋ ಹಾಗಿಲ್ಲ. ಮನೆ ಮುಂದೆ ಕಾರು ಧೂಳು ತಿನ್ನುತ್ತಾ ನಿಂತಿದೆ. ಅದಕ್ಕೆ ಐವತ್ತನೇ ವಯಸ್ಸಿನಲ್ಲಿ ಈಕೆ ಬಂದಿದ್ದಾರೆ. ಒಂದೊಂದು ಗೇರಿಗೂ ಒಂದು ಬಿಸ್ಮಿಲ್ಲಾ. ರಿವರ್ಸಿಗೆ ಎರಡು.

ಆದರೆ ಇವತ್ತು ಭೇಷ್ ಅನ್ನಿಸಿದರು. ಹೆಬ್ಬಾಳದ ಸರ್ವಿಸ್ ರೋಡಿನಲ್ಲಿ ಎಡಗಡೆಯಿಂದ ಒಂದು ಆಟೋ ನುಗ್ಗಿತು. ನಾನು ಒತ್ತುವ ಮೊದಲೇ ಅವರು ಬ್ರೇಕ್ ಒತ್ತಿದ್ದರು.

"ನೋಡಿದ್ರಾ? ನನಗಿಂತ ಮುಂಚೆ ಹಾಕಿದ್ರಿ! ನಾನು ಹೇಳ್ಕೊಟ್ಟಿದ್ದು ತಲೆಗೆ ಹೋಗಿದೆ."

"ಅದು ಬಹಳ ದೂರದಿಂದಾನೇ ಬರ್ತಿತ್ತು ಮೇಡಂ," ಅಂದರು ಅಕ್ಬರಿ.

ವಿನಯ. ಹೊಗಳಿದರೆ ಒಪ್ಪಿಕೊಳ್ಳಲಾರದ ಜಾತಿ ಹೆಂಗಸರದ್ದು. ಆಟೋ ಎಲ್ಲಿಂದ ಬಂತೋ ನನಗಂತೂ ಗೊತ್ತಾಗಲಿಲ್ಲ. ಹೆಬ್ಬಾಳದಲ್ಲಿ ಈಗೀಗ ಎಲ್ಲರೂ ಎಲ್ಲಿಂದಲೋ ಬರ್ತಾರೆ.

ಗಿರಿ ಎಡಗಡೆ ಕನ್ನಡಿಯ ಮೂಲೆಗೆ ಗುಂಡಗಿನ ಇನ್ನೊಂದು ಪುಟ್ಟ ಕನ್ನಡಿ ಅಂಟಿಸಿದ್ದಾನೆ. ಯಾಕೋ ಅಂದರೆ, "ಇರ್ಲಿ ಅಕ್ಕ, ಎಫ್‌ಸಿಗೆ ಓದಾಗ ಗಾಡಿ ಲಕ್ಷಣವಾಗ್ ಕಾಣ್ತದೆ." ಗಾಡಿಗೆ ಲಕ್ಷಣ! ನನ್ನನ್ನು ಕೇಳದೆ ಕಾರಿಗೆ ಒಡವೆ ಹಾಕಿಸುವಷ್ಟು ಸಲಿಗೆ ಬಂದಿದೆ. ನಾಳೆ ಬೋರ್ಡಿನಲ್ಲಿ ಹೆಸರೂ ಬದಲಾಗುತ್ತೆ. ಮನುಷ್ಯರ ಲಾಭನಷ್ಟ ಓದೋದು ನನಗೆ ಬರುತ್ತೆ. ಅದರಲ್ಲೇ ಇಷ್ಟು ವರ್ಷ ತಿಂದಿದ್ದೀನಿ.

ಸಾಯಂಕಾಲ ತರಕಾರಿಗೆ ಹೋದಾಗ ರಾಯರು ನನ್ನ ಎಡಗಡೆಗೇ ಬಂದು ಬಂದು ನಡೆದರು. ಬಲಗಡೆ ಬನ್ನಿ ಅಂದರೆ ಬರ್ತಾರೆ, ಎರಡು ಹೆಜ್ಜೆಗೆ ಮತ್ತೆ ಎಡಗಡೆ. ವಯಸ್ಸಾದ ಮೇಲೆ ಏನೇನೋ ಚಟ ಅಂಟಿಕೊಳ್ತವೆ.

ಜೂನ್ 16, ಸೋಮವಾರ

ಪಾಸು!

ಡಿಎಲ್ ರಿನ್ಯೂವಲ್ಲಿಗೆ ನನ್ನ ವಯಸ್ಸಿನವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕು. ಆರ್.ಟಿ. ನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಡಾಕ್ಟರ್ ಆನಂದಪ್ಪನವರ ಕ್ಲಿನಿಕ್ಕು. ನಮ್ಮ ಸ್ಕೂಲಿನ ದೊಡ್ಡ ವಯಸ್ಸಿನ ಹೆಂಗಸರನ್ನೆಲ್ಲ ಅಲ್ಲಿಗೇ ಕರೆದೊಯ್ಯೋದು.

"ಏನಮ್ಮಾ, ಇವತ್ತು ಯಾರನ್ನ ಹಿಡ್ಕೊಂಡ್ ಬಂದ್ರಿ?"

"ಇವತ್ತು ನಾನೇ ಸಿಕ್ಕಿಬಿದ್ದಿದ್ದೀನಿ ಡಾಕ್ಟ್ರೇ."

ಗೋಡೆಯ ಮೇಲಿನ ಅಕ್ಷರದ ಬೋರ್ಡು ಓದಿಸಿದರು. ಒಂದೊಂದು ಕಣ್ಣು ಮುಚ್ಚಿಸಿದರು. ಎಲ್ಲ ಓದಿ, ಕಟ್ಟಕಡೆಗೆ ಬೋರ್ಡು ಪ್ರಿಂಟ್ ಮಾಡಿದವರ ಹೆಸರನ್ನೂ ಓದಿದೆ. ಬಾಲ್ಕನಿಗೆ ಕರೆದು ರಸ್ತೆಯಾಚೆ ನಿಂತಿದ್ದ ಟೆಂಪೋ ತೋರಿಸಿ ನಂಬರ್ ಓದಿ ಅಂದರು. ನಂಬರ್ ಓದಿದೆ, ಅದರ ಕೆಳಗೆ ಬರೆದಿದ್ದ ‘ತಾಯಿಯ ಆಶೀರ್ವಾದ’ವನ್ನೂ ಓದಿದೆ. ಕೆಂಪು ಯಾವುದು, ಹಸಿರು ಯಾವುದು ಅಂದರು. "ಸಿಗ್ನಲ್ಲಲ್ಲಿ ನಿಂತ್ಕೊಂಡೇ ಮುದುಕಿ ಆದೋಳು ನಾನು, ನನ್ನ ಕೇಳ್ತೀರಾ?" ಅಂದೆ. ನಕ್ಕು ಸೈನ್ ಹಾಕಿದರು.

"ಹದ್ದಿನ ಕಣ್ಣು ಕಣಮ್ಮಾ ನಿಮ್ದು."

ಹೊರಡೋಣ ಅಂತ ತಿರುಗಿದರೆ ಹತ್ತಿ, ಕತ್ತರಿ, ಬಿ.ಪಿ. ನೋಡುವ ಯಂತ್ರ ಎಲ್ಲ ದಡಬಡ ನೆಲಕ್ಕೆ. ಟ್ರಾಲಿಯನ್ನು ದಾರಿಯಲ್ಲಿ ಇಟ್ಟಿದ್ದರು. "ದಾರೀಲಿ ಯಾರಾದ್ರೂ ಇಡ್ತಾರೇನಮ್ಮಾ?" ಅಂತ ನರ್ಸಿಗೆ ಹೇಳಿದೆ. "ಅದು ಯಾವಾಗ್ಲೂ ಅಲ್ಲೇ ಇರತ್ತಲ್ಲ ಮೇಡಂ" ಅಂದಳು. ಯಾವಾಗಲೂ ತಪ್ಪಾದ ಜಾಗದಲ್ಲಿ ಇಟ್ಟರೆ ಸರಿಯಾದ ಜಾಗ ಆಗಿಬಿಡುತ್ತಾ?

ಜೂನ್ 17, ಮಂಗಳವಾರ

ಸರ್ಟಿಫಿಕೇಟು ಬೀರುವಿನಲ್ಲಿದೆ. ಇನ್ನು ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು ಅಷ್ಟೆ. ಮೊಬೈಲಿಗೆ ಓಟಿಪಿ ಬರಲಿಲ್ಲ. ಎರಡನೇ ಸಲ ಬಂತು, ಅಷ್ಟರಲ್ಲಿ ಪೇಜು ಹೋಯಿತು. ಕೂತರೆ ಎದ್ದೇಳಬೇಕು ಅನ್ನಿಸುತ್ತೆ, ಎದ್ದರೆ ಎಲ್ಲಿಗೆ ಅಂತ ಗೊತ್ತಿಲ್ಲ. ಮೂರು ಸಲ ಕಾಫಿ ಮಾಡಿದೆ. ಒಂದು ಲೋಟ ಕಟ್ಟೆಯಿಂದ ಬಿತ್ತು.

ಜೂನ್ 20, ಶುಕ್ರವಾರ

ಎಫ್‌ಸಿ ಆಯಿತು. ಸಂತೋಷಪಡಬೇಕು. ಗಿರಿ ಮೇಲೆ ಕೋಪ ಇಳಿದ ಮೇಲೆ ಪಡ್ತೀನಿ.

ಆರ್‌ಟಿಒ ಮೈದಾನದಲ್ಲಿ ಬೆಳಗ್ಗೆಯೇ ಟೆಂಪೋ, ಸ್ಕೂಲ್ ವ್ಯಾನು, ಆಟೋ ಎಲ್ಲ ತೊಳೆಸಿಕೊಂಡು, ಹೂ ಮುಡಿದುಕೊಂಡು, ಹೆಣ್ಣು ನೋಡಲು ಬರುವವರಿಗೆ ಕಾದ ಹಾಗೆ ಸಾಲಾಗಿ ನಿಂತಿದ್ದವು. ಇನ್‌ಸ್ಪೆಕ್ಟರು ಎಳೇ ವಯಸ್ಸಿನವರು, ಮರ್ಯಾದಸ್ಥರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಸಿದರು. ಹೆಡ್‌ಲೈಟು, ವೈಪರು, ಇಂಡಿಕೇಟರು, ರಿಫ್ಲೆಕ್ಟರ್ ಪಟ್ಟಿ, ಎಮಿಷನ್ ಚೀಟಿ, ಇನ್ಶೂರೆನ್ಸು, ಎಲ್ಲ ನೋಡಿದರು. ನಮ್ಮ ಕಾರು ಒಳ್ಳೇ ಮನೆತನದ ಹುಡುಗಿಯ ಹಾಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿತು.

ಕೊನೆಗೆ ಡಬಲ್ ಬ್ರೇಕು. ಗಿರಿ ಸ್ಟೇರಿಂಗಿನಲ್ಲಿ, ನಾನು ಎಡಗಡೆ. "ನಿಧಾನಕ್ಕೆ ಬನ್ನಿ, ನಾನು ಕೈ ಎತ್ತಿದಾಗ ಮೇಡಂ ಬ್ರೇಕ್ ಹಾಕ್ಲಿ" ಅಂದು ಇನ್‌ಸ್ಪೆಕ್ಟರು ಮುಂದೆ ಹೋಗಿ ನಿಂತರು. ಗಿರಿ ಬಿಟ್ಟ. ನಾನು ಕಾಲಿಟ್ಟುಕೊಂಡು ಕಾದೆ. ಕೈ ಎತ್ತುವವರೇ ಕಾಣಲಿಲ್ಲ. ಗಿರಿ ತಟ್ಟನೆ ಬ್ರೇಕ್ ಹಾಕಿದ. ಇನ್‌ಸ್ಪೆಕ್ಟರು ನನ್ನ ಕಿಟಕಿಯ ಪಕ್ಕದಲ್ಲೇ ಇದ್ದರು.

"ಮೇಡಂ, ಎರಡು ಸಲ ಕೈ ಎತ್ತಿದೆ."

ಬಿಸಿಲು ಹೊಡೀತಿತ್ತು ಅನ್ನುವಷ್ಟರಲ್ಲಿ ಗಿರಿ, "ಸರ್, ಕಾಲ್ಕೆಳಗೆ ಮ್ಯಾಟ್ ಅಡ್ಡ ಬಂತು ಸರ್. ಅಕ್ಕಂದೇನಿಲ್ಲ. ನಾನೇ ಸರಿಯಾಗ್ ಆಕಿರ್ಲಿಲ್ಲ" ಅಂದುಬಿಟ್ಟ. ಮ್ಯಾಟು ತೆಗೆದು ಇನ್ನೊಂದು ಸಲ ಮಾಡಿಸಿದರು. ಈ ಸಲ ಗಿರಿ ಪಿಸುಮಾತಿನಲ್ಲಿ "ಈಗ ಅಕ್ಕ" ಅಂದ. ಒತ್ತಿದೆ. ಪಾಸಾಯಿತು.

ಮ್ಯಾಟು ಅಡ್ಡ ಬಂದಿರಲೇ ಇಲ್ಲ. ನನ್ನ ಕಾರಿಗೆ, ನನ್ನ ಕಣ್ಣೆದುರಿಗೆ, ಸರ್ಕಾರಿ ಮನುಷ್ಯನ ಮುಂದೆ ಇಲ್ಲದ ದೋಷ ಹೊರಿಸಿದ. ಯಾಕೆ? ಕಾರಿನ ಬೆಲೆ ಇಳಿಸೋಕೆ. ಬೆಲೆ ಇಳಿದರೆ ತಾನೇ ಕೊಳ್ಳೋಣ ಅಂತ. ವಾಪಸ್ಸು ಬರುವಾಗ ಯಲಹಂಕದವರೆಗೂ ಮಾತಾಡಲಿಲ್ಲ. ನನ್ನ ಮಟ್ಟಿಗೆ ಅದು ಉಪವಾಸ.

ಜೂನ್ 24, ಮಂಗಳವಾರ

ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ಇದೇ ತಲೆಯಲ್ಲಿ ಸುತ್ತುತ್ತೆ.

ಕೆಂಪಾಪುರ ಮೇನ್ ರೋಡಿನಿಂದ ದೇವಸ್ಥಾನದ ಕಡೆಗೆ ಎಡಕ್ಕೆ ತಿರುಗಿಸಲು ಅಕ್ಬರಿ ಅವರಿಗೆ ಹೇಳಿದೆ. ಇಂಡಿಕೇಟರ್ ಹಾಕಿದರು, ಗೇರ್ ಇಳಿಸಿದರು, ಬಿಸ್ಮಿಲ್ಲಾ ಅಂದರು, ತಿರುಗಿಸಿದರು. ಎಲ್ಲ ಚೆನ್ನಾಗಿತ್ತು. ಇದ್ದಕ್ಕಿದ್ದ ಹಾಗೆ ಕಾಲು ಕೊಟ್ಟು ಬ್ರೇಕ್ ತುಳಿದರು. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಹೊಡೆಯೋದೊಂದು ಬಾಕಿ.

"ಯಾಕ್ರೀ! ಖಾಲಿ ರಸ್ತೇಲಿ ಹೀಗಾ ತುಳಿಯೋದು? ಹಿಂದಿನವನು ಬಂದು ಗುದ್ದಿದ್ರೆ? ಇಷ್ಟು ದಿನ ನಾನು ಹೇಳಿದ್ದೆಲ್ಲ ನೀರಲ್ಲಿ ಹೋಮ!"

ಅಕ್ಬರಿ ಅವರ ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ಬಾನೆಟ್ಟಿನ ಎಡಮೂಲೆಯ ಮೇಲೆ. ಇನ್ನೂ ಬೈಯಬೇಕು ಅಂತ ಬಾಯಿ ತೆರೆದೆ. ಆಗ ಬಂಪರಿನ ಹತ್ತಿರದಿಂದ ಸೊಪ್ಪಿನ ಮಂಕರಿ ಹೊತ್ತ ಒಬ್ಬ ಅಜ್ಜಿ ಗಾಜಿನ ನಟ್ಟನಡುವೆ ಬಂದು ನಿಂತಳು. ಬಾನೆಟ್ಟಿನ ಮೇಲೆ ಫಟ್ ಅಂತ ಏಟು ಹಾಕಿದಳು.

"ಕಣ್ಣೇನ್ ಮನೇಲಿ ಬುಟ್ ಬಂದಿದ್ದೀರೇನ್ರವ್ವಾ?"

"ನೀವು ಎಲ್ಲಿಂದ ಬಂದ್ರಿ ಅಜ್ಜಿ?" ಅಂದೆ.

"ಎಲ್ಲಿಂದ ಬರ್ಲಿ? ಇಲ್ಲೇ ನಿಂತಿವ್ನಿ, ಕೈ ತೋರ್ಸ್ಕೊಂಡು! ನಿನ್ ಮುಖಾನೇ ನೋಡ್ತಿದ್ದೆ. ನೀನೂ ನನ್ನೇ ನೋಡ್ತಿದ್ದೆ."

ಹೋದಳು. ಅಕ್ಬರಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಕ್ಲಚ್ಚಿನ ಬಗ್ಗೆ ಏನೋ ಹೇಳಿದೆ. ಅವರು ಹೂಂ ಅಂದರು.

ಅಜ್ಜಿ ಕುಳ್ಳಿ, ಮಂಕರಿ ಬೇರೆ ಅಡ್ಡ. ಎಡಗಡೆ ಲೈಟು ಕಂಬದ ನೆರಳೂ ಇತ್ತು.

ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಿರಲಿಲ್ಲ.

ಜೂನ್ 25, ಬುಧವಾರ

ಅಕ್ಬರಿ ಅವರ ಫೋನು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಟೆಸ್ಟ್ ಹತ್ರ ಬಂತು. ಅಲ್ಲೀವರೆಗೂ ಗಿರಿ ಅಣ್ಣನ ಜೊತೆ ಕಲೀತೀನಿ."

ಲೇಡೀಸ್ ಡ್ರೈವಿಂಗ್ ಸ್ಕೂಲಿನಲ್ಲಿ ಗಂಡಸು ಬೇಕು ಅಂದ ಮೊದಲನೇ ಹೆಂಗಸು. ಆಯಿತು ಅಂದೆ. ಆಮೇಲೆ ಇಡೀ ದಿನ ಬಾಯಿಯಲ್ಲಿ ಕಹಿ.

ಜೂನ್ 28, ಶನಿವಾರ

ಇವತ್ತು ಗಿರಿಯನ್ನು ನಿಲ್ಲಿಸಿ ಕೇಳಿಯೇಬಿಟ್ಟೆ. ಬೆಳಗ್ಗೆ ಕೀಲಿ ಕೇಳಿದರೆ ಕೊಡಲಿಲ್ಲ. ಜೇಬಿನಲ್ಲೇ ಇಟ್ಟುಕೊಂಡು ನೆಲ ನೋಡ್ತಾನೆ.

"ಕೊಡೋ ಕೀಲಿ."

"ಯಾವ್ ಕ್ಲಾಸ್ ಐತೆ ಅಕ್ಕ? ನಾನೇ ಓಗ್ತೀನಿ."

"ನನ್ನ ಕಾರಿಗೆ ನಿನ್ನ ಹತ್ರ ಅಪ್ಪಣೆ ಕೇಳ್ಬೇಕಾ? ಕನ್ನಡಿ ಅಂಟಿಸ್ದೆ, ಸುಮ್ನಿದ್ದೆ. ಇನ್‌ಸ್ಪೆಕ್ಟರ್ ಮುಂದೆ ಮ್ಯಾಟು ಗೀಟು ಅಂದೆ, ಸುಮ್ನಿದ್ದೆ. ಅಕ್ಬರಿ ಅವ್ರ ಕಿವಿ ಊದ್ದೆ. ನೇರವಾಗಿ ಹೇಳು, ಸ್ಕೂಲ್ ಬೇಕಾ ನಿಂಗೆ?"

ಗಿರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಗೆಲ್ಲೋದು ಸುಲಭ ಇತ್ತು.

"ಅಕ್ಕ, ನಿಮ್ಗೆ ಎಡಗಡೆ ಕಾಣ್ತಿಲ್ಲ."

"ಏನಂದೆ?"

"ಸಂಕ್ರಾಂತಿ ಒತ್ತಿಂದ ನೋಡ್ತಿವ್ನಿ. ಅದ್ಕೇ ಕನ್ನಡಿ ಆಕ್ದೆ. ನಿಮ್ಗೆ ಇಂಗೆ ಏಳೋಕೆ ಬಾಯಿ ಬರ್ಲಿಲ್ಲ. ಕಲಿಯೋರ್ಗೆಲ್ಲ ಸೈಡಿಗ್ ಕರ್ದು ಏಳ್ತಿದ್ದೆ, ಎಡಗಡೆ ನೀವೇ ನೋಡ್ಕೊಳಿ, ಅಕ್ಕನ್ನ ನಂಬ್ಕೋಬ್ಯಾಡಿ ಅಂತ."

ಅಕ್ಕನನ್ನ ನಂಬಬೇಡಿ! ನನ್ನ ಸ್ಕೂಲಿನಲ್ಲಿ, ನನ್ನ ಸಂಬಳ ತಿಂದು. ಬೀರು ತೆಗೆದು ಡಾಕ್ಟರ ಸರ್ಟಿಫಿಕೇಟನ್ನು ಅವನ ಮೂಗಿಗೆ ಹಿಡಿದೆ. "ಓದು. ಹದ್ದಿನ ಕಣ್ಣು ಅಂದಿದ್ದಾರೆ."

"ಹದ್ದು ಕೆಳಗ್ ನೋಡ್ತದೆ ಅಕ್ಕ. ಪಕ್ಕಕ್ಕೆ ಎಂಗೋ, ನಂಗೊತ್ತಿಲ್ಲ" ಅಂದ. ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ.

ನಾನು ಸೋಲುವವಳಲ್ಲ. ಸಣ್ಣ ಡಾಕ್ಟರ ಕಾಗದ ಸಾಲದು ಅಂದರೆ ದೊಡ್ಡ ಕಣ್ಣಾಸ್ಪತ್ರೆಯ ಸೀಲು ಒತ್ತಿಸಿ, ಫ್ರೇಮ್ ಹಾಕಿಸಿ, ಆಫೀಸಿನಲ್ಲಿ ಅವನ ಕುರ್ಚಿಯ ಎದುರಿಗೆ ತೂಗಿಹಾಕ್ತೀನಿ. ಮಂಗಳವಾರಕ್ಕೆ ಹೆಸರು ಬರೆಸಿದ್ದೀನಿ. ರಾಯರಿಗೆ ಹೇಳಿದಾಗ, "ನಾನೂ ಬರ್ತೀನಿ" ಅಂತ ಪೇಪರು ಮಡಚಿದರು. ಅಷ್ಟು ಬೇಗ ಅವರು ಯಾವುದಕ್ಕೂ ಪೇಪರು ಮಡಚಿದ್ದಿಲ್ಲ.

ಜುಲೈ 1, ಮಂಗಳವಾರ

ಬಿಳೀ ಬೋಗುಣಿಯಂಥ ಯಂತ್ರ. ಅದರೊಳಗೆ ಮುಖ ಇಟ್ಟು, ಗಲ್ಲ ಊರಿ, ನಡುವಿನ ಚುಕ್ಕೆಯನ್ನೇ ನೋಡ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಂಚಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಆಮೇಲೆ ಇನ್ನೊಂದಕ್ಕೆ.

ಮೊದಲು ಬಲಗಣ್ಣು. ಚೆನ್ನಾಗಿ ನಡೀತು. ಟಕ್, ಟಕ್ ಅಂತ ಒತ್ತಿದೆ, ಸ್ವಲ್ಪ ಬಿಡುವು, ಮತ್ತೆ ಟಕ್. ಎಡಗಣ್ಣಿಗೆ ಬಂದಾಗ ಎರಡು ಸಲ ಒತ್ತಿರಬಹುದು, ಆಮೇಲೆ ಏನೂ ಬರಲಿಲ್ಲ. ಕಾದೆ. ಕುತ್ತಿಗೆ ನೋಯ್ತು. ಯಂತ್ರ ಗುರ್ ಅಂತ ಸದ್ದು ಮಾಡ್ತಿತ್ತು, ಬೆಳಕು ಮಾತ್ರ ಇಲ್ಲ. ಯಂತ್ರ ನಡೆಸುವ ಹುಡುಗಿ ಮೊಬೈಲು ನೋಡ್ತಿದ್ದಾಳೇನೋ ಅಂತ, "ಅಮ್ಮಾ, ನಿಮ್ ಮಷೀನ್ ಕೆಟ್ಟಿದೆ ನೋಡು" ಅಂದೆ.

"ಇಲ್ಲ ಆಂಟಿ. ಬೆಳಕು ಬರ್ತಾನೇ ಇದೆ."

"ಎಲ್ಲಿ?"

"ಈಗಲೂ ಬಂತು."

ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೂತಿದ್ದೆ.

ಡಾಕ್ಟರಮ್ಮ ಒಳ್ಳೆಯವರು, ಸುತ್ತಿಬಳಸಲಿಲ್ಲ. ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗುತ್ತಾ ಬಂದಿದೆಯಂತೆ, ಗ್ಲಾಕೋಮಾ. ಎಡಗಣ್ಣಿನಲ್ಲಿ ನಡುವಿನ ಒಂದು ಕಿಂಡಿ ಬಿಟ್ಟರೆ ಮಿಕ್ಕಿದ್ದು ಹೋಗಿದೆ. ಬಲಗಣ್ಣಿನಲ್ಲೂ ಅಂಚು ಸವೆದಿದೆ. ಕಿಂಡಿಯಲ್ಲಿ ಬೋರ್ಡು ಓದಬಹುದು, ನಂಬರ್ ಪ್ಲೇಟು ಓದಬಹುದು. ರಸ್ತೆ ಓದೋಕೆ ಆಗಲ್ಲ.

"ಕಪ್ಪಗೆ ಕಾಣಿಸ್ಬೇಕಲ್ಲ ಡಾಕ್ಟ್ರೇ ಹಾಗಿದ್ರೆ? ನಂಗೆ ಎಲ್ಲೂ ಕಪ್ಪಿಲ್ಲ."

"ಕಪ್ಪು ಕಾಣಲ್ಲಮ್ಮ. ಇಲ್ಲದ ಜಾಗಾನ ಮಿದುಳು ತಾನೇ ತುಂಬಿಸ್ಕೊಂಡು ಬಿಡತ್ತೆ. ಖಾಲಿ ರಸ್ತೆ ಅಂತ ತೋರಿಸತ್ತೆ."

ಹೋದದ್ದು ಬರಲ್ಲ, ಇರೋದನ್ನ ಉಳಿಸಿಕೊಳ್ಳಬಹುದು, ದಿನಾ ಡ್ರಾಪ್ಸ್ ತಪ್ಪಿಸಬೇಡಿ ಅಂದರು. ವ್ಯಾಪಾರಸ್ಥಳಿಗೆ ಅರ್ಥವಾಗುವ ಮಾತು. ಡ್ರೈವಿಂಗು? ಅಂದೆ. ತಲೆ ಆಡಿಸಿದರು.

ರಾಯರು ಬಾಗಿಲ ಹೊರಗೆ ನನ್ನ ಎಡಗಡೆಗೆ ಬಂದು ನಿಂತರು. ಈ ಮನುಷ್ಯ ಎಷ್ಟು ದಿನದಿಂದ ಅಲ್ಲಿದ್ದಾರೆ?

ಜುಲೈ 2, ಬುಧವಾರ

ಯಂತ್ರವೂ ತಪ್ಪಬಹುದು. ಕರೆಂಟು ಏರುಪೇರಾಗಿರಬಹುದು. ಆನಂದಪ್ಪನವರ ಸರ್ಟಿಫಿಕೇಟು ಇನ್ನೂ ಬೀರುವಿನಲ್ಲಿದೆ. ಇವತ್ತು ಓಟಿಪಿ ಮೊದಲನೇ ಸಲಕ್ಕೇ ಬಂತು. ಅರ್ಜಿಯಲ್ಲಿ ಕೊನೆಯ ಗುಂಡಿ ಒಂದೇ ಬಾಕಿ. ಅದನ್ನ ಒತ್ತಿದರೆ ಡಿಎಲ್ ಬರುತ್ತೆ, ಯಾರೂ ಬೇಡ ಅನ್ನಲ್ಲ.

ಒತ್ತಲಿಲ್ಲ. ಮುಚ್ಚಲೂ ಇಲ್ಲ.

ಜುಲೈ 5, ಶನಿವಾರ

ಬೆಳಕು ಹರಿದ ಮೇಲೆ ರಾಯರನ್ನು ಎಬ್ಬಿಸಿದೆ. "ಬನ್ನಿ, ನನ್ನ ಜೊತೆ ಕೂತ್ಕೊಳ್ಳಿ." ಊರಿಗೆಲ್ಲ ಕಲಿಸಿದವಳು ನಾನು, ಇವರಿಗೆ ಮಾತ್ರ ಸ್ಟೇರಿಂಗ್ ಒಗ್ಗಲಿಲ್ಲ. ಲುಂಗಿಯಲ್ಲೇ ಬಂದು ಎಡಗಡೆಯ ಸೀಟಿನಲ್ಲಿ, ಹಾವಿನ ಬುಟ್ಟಿಯ ಮೇಲೆ ಕಾಲಿಟ್ಟವರ ಹಾಗೆ ಪೆಡಲಿನಿಂದ ಕಾಲು ಮೇಲೆತ್ತಿಕೊಂಡು ಕೂತರು. "ಕಾಲು ಇಳಿಸಿ. ಬಲಗಡೆಯದ್ದು ಬ್ರೇಕು. ನಾನು ಯಾರಿಗಾದ್ರೂ ಗುದ್ದೋ ಹಾಗೆ ಕಂಡ್ರೆ ತುಳೀರಿ. ಇಲ್ದಿದ್ರೆ ಮಾತಾಡ್ಬೇಡಿ."

ರಿವರ್ಸು ಕಲಿಸುವ ಲೇಔಟಿನ ರಸ್ತೆ. ಫಸ್ಟ್ ಗೇರಿನಲ್ಲಿ, ನಡೆಯುವ ವೇಗದಲ್ಲಿ, ಈ ತುದಿಯಿಂದ ಆ ತುದಿಗೆ. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ರಸ್ತೆ ಖಾಲಿ. ಎದುರಿನಿಂದ ಪೇಪರಿನ ಹುಡುಗನ ಸೈಕಲ್ಲು ಬಂತು, ನೋಡಿ ದಾರಿ ಬಿಟ್ಟೆ. ಕೊನೆಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಎದೆ ಹಗುರಾಗಿತ್ತು.

"ನೋಡಿದ್ರಾ? ಎಷ್ಟು ನೀಟಾಗಿ ಬಂತು! ಸೈಕಲ್ಲಿನವನೊಬ್ಬ ಬಿಟ್ರೆ ನರಪಿಳ್ಳೆ ಇರ್ಲಿಲ್ಲ."

ರಾಯರು ತಿರುಗಿ ಬಂದ ದಾರಿಯನ್ನು ನೋಡಿದರು.

"ಹಾಲಿನವನಿದ್ದ," ಅಂದರು. "ವಾಕಿಂಗ್ ಹೋಗೋ ಹೆಂಗಸರಿದ್ರು, ನಿನ್ನ ನೋಡಿ ಕೈ ಬೀಸಿದ್ರು. ಮೂಲೆ ಮನೆ ಮುಂದೆ ನಾಯಿಗಳು ಮಲಗಿದ್ವು. ಕಸದ ಗಾಡಿ ಇತ್ತು ಕೌಸಲ್ಯಾ. ಹಸಿರು ಬಣ್ಣದ್ದು. ಹಾಡು ಹಾಕ್ಕೊಂಡು."

ಹಾಡು ಕೇಳಿಸಿತ್ತು. ಪಕ್ಕದ ಬೀದಿಯದ್ದು ಅಂದುಕೊಂಡಿದ್ದೆ.

ಅವರ ಲೆಕ್ಕ ಒಂದು, ನನ್ನ ಲೆಕ್ಕ ಒಂದು. ಒಂದೇ ರಸ್ತೆ, ಒಂದೇ ಗಾಜು, ಒಂದೇ ಹೊತ್ತು. ತಾಳೆ ಆಗಲಿಲ್ಲ. ಸುಳ್ಳು ಹೇಳೋಕೆ ಬರದ ಮನುಷ್ಯ ಅವರು. ಅದಕ್ಕೇ ಜೀವನದಲ್ಲಿ ಮುಂದೆ ಬರಲಿಲ್ಲ.

ಕೀಲಿ ತೆಗೆದು ಅವರ ಕೈಗೆ ಕೊಟ್ಟೆ. "ನಂಗ್ಯಾಕೆ, ನಂಗೆ ಓಡಿಸೋಕ್ ಬರಲ್ಲ" ಅಂದರು. "ಅದಕ್ಕೇ ಕೊಟ್ಟಿದ್ದು" ಅಂದೆ. ಇಬ್ಬರೂ ನಡೆದುಕೊಂಡು ಮನೆಗೆ ಬಂದೆವು. ಮಧ್ಯಾಹ್ನ ಗಿರಿ ಬಂದು ಕಾರು ತಂದ.

ಜುಲೈ 8, ಮಂಗಳವಾರ

ಅಕ್ಬರಿ ಪಾಸು! ಟೆಸ್ಟಿನಲ್ಲಿ ಎಂಟರ ಆಕಾರ ಹಾಕುವಾಗ ಒಂದು ಕಡೆಯೂ ಗೆರೆ ತಾಗಲಿಲ್ಲವಂತೆ. ಖೋವಾ ಮಿಠಾಯಿ ಡಬ್ಬ ಹಿಡಿದು ಗಿರಿಯ ಜೊತೆ ಆಫೀಸಿಗೆ ಬಂದರು. ನನ್ನ ಎದುರು ನಿಂತು ತಲೆ ತಗ್ಗಿಸಿದರು.

"ಮೇಡಂ, ಅವತ್ತು ನಾನು ಹಾಗೆ ಫೋನ್ ಮಾಡಿದ್ದು..."

"ಅವತ್ತು ಬ್ರೇಕ್ ತುಳಿದಿದ್ದಕ್ಕೆ ನಾನು ಬೈದೆನಲ್ಲ," ಅಂದೆ. "ತುಳೀದಿದ್ರೆ ಇವತ್ತು ನಾನೂ ನೀವೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರ್ತಿದ್ವಿ. ಆ ಅಜ್ಜಿ ಎಲ್ಲಿರ್ತಿದ್ಲೋ. ಕೂತ್ಕೊಳ್ಳಿ. ಕಾಫಿ ಕುಡೀದೆ ಹೋದ್ರೆ ಲೈಸೆನ್ಸ್ ವಾಪಸ್ ತಗೊಳ್ತೀನಿ."

ಅವರು ಅತ್ತರು. ಗಿರಿಯೂ ಮೂಗೆಳೆದ. ಹೆಂಗಸರ ಸ್ಕೂಲಿನಲ್ಲಿ ಇದ್ದು ಇದ್ದು ಹಾಗಾಗಿದ್ದಾನೆ.

ಅವರು ಹೋದ ಮೇಲೆ ಗಿರಿಗೆ ಹೇಳಿದೆ. "ಎಡಗಡೆ ಸೀಟು ನಿಂದು. ಬೋರ್ಡು ನಂದೇ. ಹೆಂಗಸರು ಗಂಡಸಿನ ಪಕ್ಕ ಕೂರೋಕೆ ಹಿಂಜರೀತಾರೆ, ಅದಕ್ಕೆ ನಾನು ಹಿಂದಿನ ಸೀಟಲ್ಲಿ ಕೂತಿರ್ತೀನಿ. ಬ್ರೇಕು ನೀನ್ ನೋಡ್ಕೋ. ಬಾಯಿ ನಾನ್ ನೋಡ್ಕೋತೀನಿ."

"ಅಂಗಾದ್ರೆ ನಂಗೆ ಕಿವಿ ಓಗ್ತದೆ ಅಕ್ಕ."

"ರಾಯರನ್ನ ಕೇಳು, ಏನು ಮದ್ದು ಅಂತ."

ಸ್ಕೂಲು ಬೇಕಾ ಅಂತ ಅವನನ್ನ ಕೇಳಿದ್ದೆನಲ್ಲ, ಅದಕ್ಕೆ ಅವನು ಉತ್ತರವನ್ನೇ ಕೊಟ್ಟಿಲ್ಲ. ಗಮನಿಸಬೇಕು.

ಜುಲೈ 10, ಗುರುವಾರ

ಡಿಎಲ್ಲಿನ ಕೊನೆಯ ದಿನ. ಆರ್.ಟಿ. ನಗರಕ್ಕೆ ಹೋದೆ. ಗಿರಿ ಬಿಟ್ಟುಬರ್ತೀನಿ ಅಂದ, ಬೆಳಗ್ಗೆ ಕ್ಲಾಸು ಇತ್ತು, ಬೇಡ ಅಂದೆ. ಹೋಗುವಾಗ ಆಟೋ. ಆನಂದಪ್ಪನವರು ಪೇಪರು ಓದ್ತಿದ್ದರು.

"ಏನಮ್ಮಾ, ಹೊಸ ಡಿಎಲ್ ಬಂತಾ? ಸ್ವೀಟ್ ಎಲ್ಲಿ?"

ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಕಣ್ಣಾಸ್ಪತ್ರೆಯ ಕಾಗದ. "ಇದನ್ನ ಕ್ಯಾನ್ಸಲ್ ಮಾಡಿ. ನಾನು ಅನ್‌ಫಿಟ್ ಅಂತ ಬೇರೆ ಬರ್ಕೊಡಿ."

ಕಣ್ಣಾಸ್ಪತ್ರೆಯ ಕಾಗದದಲ್ಲಿದ್ದ ಚಿತ್ರವನ್ನು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದರು. "ಫಾರಂನಲ್ಲಿ ಇದನ್ನ ಕೇಳೋದೇ ಇಲ್ಲಮ್ಮಾ. ಕೇಳಿದ್ದಕ್ಕೆಲ್ಲ ನೀವು ಸರಿಯಾಗೇ ಹೇಳಿದ್ರಿ."

"ಹೌದು. ನಿಮ್ದೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ಸೊಪ್ಪಿನ ಅಜ್ಜಿದೂ ತಪ್ಪಿಲ್ಲ."

"ಯಾವ ಅಜ್ಜಿ?"

"ಬಿಡಿ. ಬರ್ಕೊಡಿ."

"ಅಯ್ಯೋ, ಹರಿದು ಹಾಕಿ, ಮುಗೀತು. ಅರ್ಜಿ ಹಾಕ್ಬೇಡಿ ಅಷ್ಟೆ. ಫೇಲ್ ಮಾಡಿ ಅಂತ ಇಲ್ಲೀವರೆಗೆ ಯಾರೂ ಬಂದು ಕೇಳಿಲ್ಲ ಕಣಮ್ಮಾ ನನ್ನ."

"ಹರಿದ್ರೆ ಬರೋ ತಿಂಗಳು ಬಂದು ಇನ್ನೊಂದು ಕೇಳ್ತೀನಿ. ನೀವು ಕೊಡ್ತೀರಿ. ನಾನು ಬಾಯಿ ಬಿಟ್ಟು ಕೇಳಿದ್ರೆ ಇಲ್ಲ ಅಂದೋರನ್ನ ನಾನಿನ್ನೂ ನೋಡಿಲ್ಲ ಡಾಕ್ಟ್ರೇ. ಅದೇ ನನ್ನ ರೋಗ. ಈ ಕಣ್ಣಿಂದು ಆಮೇಲೆ."

ಒಪ್ಪಲಿಲ್ಲ. ವಾದ ಮಾಡಿದೆ. ಜೀವನದಲ್ಲಿ ಎಷ್ಟೊಂದು ಚೌಕಾಸಿ ಮಾಡಿದ್ದೀನಿ, ನನಗೇ ನಷ್ಟವಾಗಲಿ ಅಂತ ಇಷ್ಟು ಕಷ್ಟಪಟ್ಟು ಮಾಡಿದ್ದು ಇದೊಂದೇ. ಕೊನೆಗೆ ಪೆನ್ನು ತೆಗೆದರು. ಹಳೆಯದರ ಮೇಲೆ ಅಡ್ಡಗೆರೆ ಎಳೆದರು, ಹೊಸದರಲ್ಲಿ ಬರೆದು ಸೈನ್ ಹಾಕಿದರು.

ವಾಪಸ್ಸು ಬರಲು ಆಟೋ ಸಿಗಲಿಲ್ಲ. ಹೆಬ್ಬಾಳದ ಕಡೆಯ ಬಸ್ಸು ಬಂದು ಮುಂದೆಯೇ ನಿಂತಿತು, ಹತ್ತಿಬಿಟ್ಟೆ. ಬಸ್ಸು ಹತ್ತಿ ಎಷ್ಟು ಕಾಲವಾಯಿತೋ. ಹೆಂಗಸರಿಗೆ ಫ್ರೀ ಅಂತ ಪೇಪರಿನಲ್ಲಿ ಓದಿದ್ದೆ, ನನಗೆ ಸಂಬಂಧಪಟ್ಟದ್ದಲ್ಲ ಅಂತ ಬಿಟ್ಟಿದ್ದೆ. ಸೀಟಿಗೆ ದಾರಿ ಹುಡುಕ್ತಾ ಒಬ್ಬಳು ಕಾಲೇಜು ಹುಡುಗಿಯ ಬ್ಯಾಗಿಗೆ ತಾಗಿದೆ. "ಸಾರಿ ಕಣಮ್ಮಾ, ಈ ಕಡೆ ಕಾಣಲ್ಲ ನಂಗೆ" ಅಂದೆ. ಹುಡುಗಿ ಎದ್ದು ಜಾಗ ಕೊಟ್ಟಳು.

ಕಂಡಕ್ಟರು ಬಂದ. "ಎಲ್ಲಿಗಮ್ಮಾ? ಐಡಿ ತೋರ್ಸಿ."

ಪರ್ಸಿನಲ್ಲಿ ಆಧಾರ್ ಇರಲಿಲ್ಲ. ಇದ್ದದ್ದು ಡಿಎಲ್ ಒಂದೇ. ತೆಗೆದುಕೊಟ್ಟೆ. ಕಂಡಕ್ಟರು ಫೋಟೋ ನೋಡಿದ, ನನ್ನ ಮುಖ ನೋಡಿದ.

"ಇದು ಇವತ್ತಿಗೆ ಮುಗಿಯುತ್ತೆ," ಅಂತ ನಾನೇ ಹೇಳಿದೆ.

"ಇವತ್ತು ಇದೆ ತಾನೆ? ಸಾಕು," ಅಂದು ಟಿಕೆಟ್ ಹರಿದುಕೊಟ್ಟ. "ನಾಳೆಯಿಂದ ಆಧಾರ್ ತನ್ನಿ."

ತರ್ತೀನಪ್ಪ ಅಂದೆ.